ರಸ್ತೆ ಬೇಡದ ಗಾಡಿಗೆ ರಸ್ತೆ ತೆರಿಗೆ

ನಮ್ಮ ಓಣಿಯ ಸಾವ್ಕಾರ್ರು ಲಡಾಖ್‌ಗೆ ಹೊರಟರು. ವಿಮಾನದಲ್ಲಲ್ಲ, ಹೊಸ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಗಾಡಿಯಲ್ಲಿ. ಕಲಬುರಗಿಯಿಂದ ಹೈದರಾಬಾದ್, ಅಲ್ಲಿಂದ 44ನೇ ನಂಬರ್ ಹೈವೇ ಹಿಡಿದು ನಾಗಪುರ, ಝಾನ್ಸಿ, ದೆಹಲಿ, ಆಮೇಲೆ ಮನಾಲಿ ಹತ್ತಿ ಲೇಹ್. ಹೋಗುವುದಕ್ಕೇ ಎರಡೂವರೆ ಸಾವಿರ ಕಿಲೋಮೀಟರ್ ದಾಟುತ್ತದೆ. ಇಷ್ಟು ದೂರ ಯಾಕ್ರೀ ಅಂತ ಕೇಳಿದೆ.

"ಕೆಟ್ಟ ರೋಡ್ ಬೇಕ್ರೀ. ಗಾಡಿ ತಾಕತ್ತು ನೋಡಬೇಕಲ್ಲ" ಅಂದರು.

ಕೆಟ್ಟ ರಸ್ತೆ ಹುಡುಕಿಕೊಂಡು ಕಲಬುರಗಿ ಬಿಟ್ಟು ಹೋಗುವುದು ಅಂದರೆ ತೊಗರಿಬೇಳೆ ತರಲು ದೆಹಲಿಗೆ ಹೋದ ಹಾಗೆ. ನಮ್ಮ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ತಗ್ಗುಗಳಿಗೆ ಯಾರೂ ಇನ್ನೂ ಅರ್ಜಿ ಹಾಕಿಲ್ಲ, ಹಾಕಿದ್ದರೆ ಬಂದೇ ಬರುತ್ತಿತ್ತು.

ಗಾಡಿಗೆ ಮಾಡಿಸಿದ ಅಲಂಕಾರ ನೋಡಬೇಕಿತ್ತು. ಮೇಲೆ ಕ್ಯಾರಿಯರ್, ಅದರ ಮೇಲೆ ಎರಡು ಡೀಸೆಲ್ ಕ್ಯಾನು, ಪಕ್ಕದಲ್ಲಿ ಬೆಲೆಯ ಸ್ಟಿಕ್ಕರ್ ಕೂಡ ಕೀಳದ ಹೊಸ ಸಲಿಕೆ. ಬಲಗಡೆ ಸ್ನಾರ್ಕೆಲ್, ಅಂದರೆ ಗಾಡಿ ನೀರಿಗೆ ಇಳಿದರೂ ಇಂಜಿನ್‌ಗೆ ಗಾಳಿ ಸಿಗಲಿ ಅಂತ ಹಾಕುವ ಕರಿ ಕೊಳವೆ. ಮಳೆ ಜೋರಾದಾಗ ಮಳಖೇಡದಲ್ಲಿ ಕಾಗಿಣಾ ನದಿ ಸೇತುವೆ ಮೇಲೇ ಹರಿಯುತ್ತದೆ, ಸೇಡಂ ಬಸ್ಸಿನವರು ಸುತ್ತು ಹಾಕಿಕೊಂಡು ಹೋಗುತ್ತಾರೆ. ಆ ಬಸ್ಸಿಗೆ ಹಾಕಬೇಕಾದ ಕೊಳವೆ ಅದು.

ಹೊರಡುವ ದಿನ ಪೂಜೆ ಮಾಡಿ ನಾಲ್ಕು ಟೈರಿನ ಕೆಳಗೂ ನಿಂಬೆಹಣ್ಣು ಇಟ್ಟರು. ಮುಂದಿನ ಎಡಗಡೆ ನಿಂಬೆಹಣ್ಣು ಉರುಳಿ ಮನೆ ಮುಂದಿನ ತಗ್ಗಿಗೆ ಬಿತ್ತು. ಗಾಡಿ ಮುಂದೆ ಹೋಯಿತು, ಹಣ್ಣು ಜಜ್ಜಲೇ ಇಲ್ಲ. ಮೂರಾದರೂ ಒಡೆದವಲ್ಲ ಅಂತ ಅವರ ತಾಯಿ ಸಮಾಧಾನ ಮಾಡಿಕೊಂಡರು.

ಇನ್ನು ಈ ಗಾಡಿಯ ತೆರಿಗೆ ಲೆಕ್ಕ ಕೇಳಿ, ಸುಮ್ನೆ ತಲೆ ತಿರುಗುತ್ತದೆ. ಜಿಎಸ್‌ಟಿಯವರು ಉದ್ದ ನಾಲ್ಕು ಮೀಟರ್ ದಾಟಿರಬೇಕು, ಇಂಜಿನ್ 1500 ಸಿಸಿ ದಾಟಿರಬೇಕು, ಗಾಡಿಯ ಹೊಟ್ಟೆ ನೆಲದಿಂದ ಕನಿಷ್ಠ 170 ಮಿಲಿಮೀಟರ್ ಮೇಲಿರಬೇಕು ಅಂತ ಅಳತೆ ಇಟ್ಟು, ಅಂಥವಕ್ಕೆ 28ರ ಮೇಲೆ 22 ಸೆಸ್ ಸೇರಿಸಿ ನೂರಕ್ಕೆ ಐವತ್ತು ಕೀಳುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ಅದು ನಲವತ್ತಾಗಿದೆ. ಅಂದರೆ ತಗ್ಗು ತೋಡುವವರೂ ಅವರೇ, ತಗ್ಗಿಗೆ ತಾಗದಷ್ಟು ಎತ್ತರದ ಗಾಡಿ ತಗೊಂಡರೆ ಜಾಸ್ತಿ ವಸೂಲಿ ಮಾಡುವವರೂ ಅವರೇ. ಅದು ಸಾಲದು ಅಂತ ರಾಜ್ಯದ ರಸ್ತೆ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನೂರಕ್ಕೆ 17, ಇಪ್ಪತ್ತು ದಾಟಿದರೆ 18, ಅದರ ಮೇಲೆ ಮತ್ತೆ ಸೆಸ್ಸು. ಹದಿನೈದು ಲಕ್ಷದ ಗಾಡಿಗೆ ಎರಡೂವರೆ ಲಕ್ಷ ದಾಟುತ್ತದೆ. ರಸ್ತೆ ಇಲ್ಲದ ಕಡೆಯೂ ಓಡುತ್ತದೆ ಅಂತ ಹೇಳಿ ಮಾರಿದ ಗಾಡಿಗೆ ಅಷ್ಟು ರಸ್ತೆ ತೆರಿಗೆ! ಸಾವ್ಕಾರ್ರು ಖುಷಿಯಿಂದಲೇ ಕಟ್ಟಿದರು. ಆ ದುಡ್ಡು ತಿರುಗಿ ಎಲ್ಲಿಗೆ ಬರುತ್ತದೆ ಅಂತ ಅವರಿಗೆ ಗೊತ್ತು. ಅವರು ರಸ್ತೆ ಗುತ್ತಿಗೆದಾರರು.

ನಮ್ಮ ಕಡೆ ರಸ್ತೆ ಯಾಕೆ ನಿಲ್ಲಲ್ಲ ಅಂತ ಅವರನ್ನೇ ಕೇಳಬೇಕು, ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ನಮ್ಮದು ಎರೆ ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದನ್ನು ತೆಗೆದು, ಗರಸು ತುಂಬಿ, ನೀರು ಹೊಡೆದು, ರೋಲರ್ ಓಡಿಸಿ, ಆಮೇಲೆ ಖಡಿ, ಆಮೇಲೆ ಡಾಂಬರು. ಇಲ್ಲವಾದರೆ ಮಣ್ಣು ಉಬ್ಬಿದ ಹಾಗೆ ರಸ್ತೆಯೂ ಉಬ್ಬುತ್ತದೆ. ಮೇಲೆ ಶಹಾಬಾದಿನ ಕಲ್ಲಿನ ಲಾರಿ, ಸೇಡಂ ಕಡೆಯ ಸಿಮೆಂಟ್ ಲಾರಿ ಲೆಕ್ಕಕ್ಕಿಂತ ಜಾಸ್ತಿ ಹೇರಿಕೊಂಡು ಓಡಾಡುತ್ತವೆ. ಇಷ್ಟೆಲ್ಲ ಗೊತ್ತಿದ್ದವರು ಗರಸು ಎಷ್ಟು ಹಾಕಿದರು? ಹಾಕದೆ ಉಳಿದ ಗರಸಿನಲ್ಲೇ ಆ ಗಾಡಿ ಬಂತು ಅಂತ ಓಣಿಯ ಜನ ಹೇಳುತ್ತಾರೆ. ನಾನು ಹೇಳಲ್ಲಪ್ಪ.

ಮಜಾ ಅಂದರೆ ಅದೇ ರಸ್ತೆಯಲ್ಲಿ ನಮ್ಮ ಟಂಟಂ ಆಟೋ, ಒಳಗೆ ಒಂದು ಮದುವೆಗಾಗುವಷ್ಟು ಜನ, ಮೇಲೆ ಎರಡು ಚೀಲ ಜೋಳ ಹೇರಿಕೊಂಡು ದಿನಾ ಹೋಗಿ ಬರುತ್ತದೆ. ಸ್ನಾರ್ಕೆಲ್ ಇಲ್ಲ, ಫೋರ್ ಬೈ ಫೋರ್ ಇಲ್ಲ.

ಸಾವ್ಕಾರ್ರು ವಾಪಸ್ ಬಂದರು. ಮುಖ ಸಪ್ಪಗಿತ್ತು.

"ಏನಾಯ್ತ್ರೀ?"

"ಏನ್ ಹೇಳಲ್ರೀ, ರೋಡ್ ಭಾಳ ಛಲೋ ಅವ. ಉಮ್ಲಿಂಗ್ ಲಾ ಅಂತ ಅದ, ಹತ್ತೊಂಬತ್ತು ಸಾವಿರ ಫೂಟ್ ಮ್ಯಾಲ. ಉಸಿರಾಡ್ಲಿಕ್ಕೆ ಗಾಳಿ ಇಲ್ಲ, ಅಲ್ಲೂ ಡಾಂಬರ್ ಹಾಕ್ಯಾರ!"

ಹೌದು, 19,024 ಅಡಿ ಮೇಲೆ ಬೆಟ್ಟ ದಾಟುವ ದಾರಿ ಅದು. ಗಡಿ ರಸ್ತೆ ಸಂಸ್ಥೆಯವರು ಅಲ್ಲಿ ಡಾಂಬರು ಹಾಕಿ 2021ರಲ್ಲಿ ಗಿನ್ನೆಸ್ ದಾಖಲೆ ಮಾಡಿದರು. ಕಲಬುರಗಿ ಇರುವುದು ಸುಮಾರು 1,500 ಅಡಿ ಮೇಲೆ. ಇಲ್ಲಿ ಗಾಳಿ ಬೇಕಾದಷ್ಟಿದೆ. ಬಹುಶಃ ಡಾಂಬರು ಹಾರಿಹೋಗುವುದು ಅದಕ್ಕೇ.

ಅಂಥದೇ ಇನ್ನೊಂದು ದಾರಿ, ಖರ್ದುಂಗ್ ಲಾದ ಫೋಟೋಗಳನ್ನೂ ತೋರಿಸಿದರು. ಅಲ್ಲಿ ಬಹಳ ವರ್ಷ 18,380 ಅಡಿ ಅಂತ ಬೋರ್ಡ್ ಇತ್ತು. ಅಳೆದು ನೋಡಿದರೆ ಇರುವುದು ಸುಮಾರು 17,582. ಎಂಟುನೂರು ಅಡಿ ಬೋರ್ಡಿನಲ್ಲಿ ಮಾತ್ರ! ಅದನ್ನು ಹೇಳುವಾಗ ಮಾತ್ರ ಅವರ ಮುಖ ಅರಳಿತು, ತಮ್ಮವರೇ ಯಾರೋ ಸಿಕ್ಕಂತೆ. ಇವರ ಕಾಮಗಾರಿ ಬೋರ್ಡುಗಳನ್ನು ನೀವು ನೋಡಿರಬಹುದು. ಉದ್ದ, ಮೊತ್ತ, ಮುಗಿಯುವ ದಿನ ಎಲ್ಲ ಬರೆದಿರುತ್ತದೆ. ರಸ್ತೆ ಎದ್ದು ಹೋದರೂ ಬೋರ್ಡು ಗಟ್ಟಿಯಾಗಿ ನಿಂತಿರುತ್ತದೆ.

ಲಡಾಖ್‌ನಲ್ಲಿ ಒಂದು ಗೀರೂ ಬೀಳದ ಗಾಡಿ, ಬಂದ ವಾರದಲ್ಲೇ ಇಲ್ಲಿ ಹಳ್ಳಿ ರಸ್ತೆಯೊಂದರಲ್ಲಿ ದಡಕ್ಕಂತ ತಗ್ಗಿಗೆ ಇಳಿಯಿತು. ಆಯಿಲ್ ಚೇಂಬರ್ ಒಡೆದು ಆಯಿಲ್ ಎಲ್ಲ ನೆಲಕ್ಕೆ ಹೋಯಿತು. ಇನ್ಶೂರೆನ್ಸ್ ಸರ್ವೇಯರ್ ಬಂದ, ಚಿಕ್ಕ ಹುಡುಗ, ಹೊರಗಿನವನು. ಸುತ್ತ ನೋಡಿದ, ಫೋಟೋ ಹೊಡೆದ.

"ಸರ್, ಇದು ಹೊಲ ಅಲ್ಲೇನ್ರೀ? ಆಫ್‌ರೋಡ್ ಹೊಡೆದಿದ್ರ ಕ್ಲೇಮ್ ಆಗಂಗಿಲ್ಲ."

"ಏ ತಮ್ಮಾ, ಇದು ರೋಡೇ ಅದ!"

"ಏನ್ ಸಾಕ್ಷಿ ಅದ ಸರ್?"

ಸಾವ್ಕಾರ್ರು ಮನೆಗೆ ಆಳು ಕಳಿಸಿ ಫೈಲ್ ತರಿಸಿದರು. ಉದ್ದ, ಅಗಲ, ಗರಸಿನ ಆಳ, ಡಾಂಬರಿನ ದಪ್ಪ, ಕಾಮಗಾರಿ ಮುಗಿದ ಸರ್ಟಿಫಿಕೇಟ್, ಸೀಲು, ಸಹಿ, ಫೈನಲ್ ಬಿಲ್. ಎಲ್ಲ ಅವರದೇ ಹೆಸರಲ್ಲಿ. ಹುಡುಗ ಒಂದೊಂದೇ ಹಾಳೆ ತಿರುವಿ ಪೂರ್ತಿ ಓದಿದ. ಆಫ್‌ರೋಡ್ ಅನ್ನುವ ಆಕ್ಷೇಪ ವಾಪಸ್ ತಗೊಂಡ. ಈಗ ಬೇರೆ ಪ್ರಶ್ನೆ ಬರೆದು ಕಳಿಸಿದ್ದಾನೆ: ಇಷ್ಟು ಒಳ್ಳೆಯ ರಸ್ತೆಯಲ್ಲಿ ಚೇಂಬರ್ ಒಡೆಯಲು ಕಾರಣವೇನು?