ಸತ್ಯಾಂಶ: ಕಾಂತೀಯ ಹೃದಯ ಚಿತ್ರಣವು ಎಕೋ ಪರೀಕ್ಷೆಗೆ ಬದಲಿಯಲ್ಲ

‘ಎದೆಯ ಮೇಲೆ ಅಯಸ್ಕಾಂತ ಹಾಯಿಸಿ ಹೃದಯದ ಎಲ್ಲ ದೋಷಗಳನ್ನೂ ನಿಮಿಷದಲ್ಲಿ ಹೇಳುವ ಯಂತ್ರ ಬಂದಿದೆ, ಇನ್ನು ಎಕೋ ಬೇಡ’ ಎಂಬ ಸಂದೇಶವೊಂದು ಕೊಡಗಿನ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. (ಎಕೋ ಎಂದರೆ ಶಬ್ದತರಂಗಗಳಿಂದ ಹೃದಯದ ಚಿತ್ರ ಮೂಡಿಸುವ ಪರೀಕ್ಷೆ.)

ಮ್ಯಾಗ್ನೆಟೊಕಾರ್ಡಿಯೋಗ್ರಫಿ (ಕಾಂತೀಯ ಹೃದಯ ಚಿತ್ರಣ) ಎಂಬ ಈ ವಿಧಾನದಲ್ಲಿ ದೇಹಕ್ಕೆ ಅಯಸ್ಕಾಂತವನ್ನು ಒಡ್ಡುವುದೇ ಇಲ್ಲ. ಪ್ರತಿ ಬಡಿತದಲ್ಲೂ ಹೃದಯದ ಸ್ನಾಯುವಿನಲ್ಲಿ ಹರಿಯುವ ವಿದ್ಯುತ್ತಿನಿಂದ ತಾನಾಗಿ ಹುಟ್ಟುವ, ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 10 ಲಕ್ಷ ಪಟ್ಟು ದುರ್ಬಲವಾದ ಕ್ಷೇತ್ರವನ್ನು ಸೂಕ್ಷ್ಮ ಸಂವೇದಕಗಳು ಎದೆಯನ್ನು ಮುಟ್ಟದೆಯೇ ಅಳೆಯುತ್ತವೆ. ಅಮೆರಿಕದ ಸಂಶೋಧಕರಾದ ಬಾಲ್ ಮತ್ತು ಮೆಕ್‌ಫೀ ಇದನ್ನು 1963ರಲ್ಲಿಯೇ ದಾಖಲಿಸಿದ್ದರು, ಆದ್ದರಿಂದ ಕಲ್ಪನೆ ಹೊಸದೂ ಅಲ್ಲ.

ಕವಾಟದ ಸೋರಿಕೆ, ಹೃದಯದ ಗೋಡೆಯ ರಂಧ್ರ, ದಪ್ಪಗಾದ ಸ್ನಾಯು ಇವೆಲ್ಲ ರಚನೆಯ ದೋಷಗಳು. ಕಾಂತೀಯ ನಕ್ಷೆಯಲ್ಲಿ ಕಾಣುವುದು ಇವು ವಿದ್ಯುತ್ ಹರಿವಿನಲ್ಲಿ ಉಂಟುಮಾಡಬಹುದಾದ ಏರುಪೇರು ಮಾತ್ರ. ಅದು ಅನುಮಾನ ಮೂಡಿಸಬಲ್ಲದು, ಆದರೆ ಕವಾಟವನ್ನೇ ತೋರಿಸಲಾರದು. ಶಬ್ದತರಂಗದ ಎಕೋ ಅದನ್ನು ನೇರವಾಗಿ ತೋರಿಸುತ್ತದೆ. ಬಲವಾದ ಅಯಸ್ಕಾಂತ ಬಳಸುವ ಎಂಆರ್‌ಐ ಬೇರೆಯೇ ಪರೀಕ್ಷೆ. ಸಂದೇಶ ಬರೆದವರು ಎಂಆರ್‌ಐ ಮತ್ತು ಮ್ಯಾಗ್ನೆಟೊಕಾರ್ಡಿಯೋಗ್ರಫಿ ಎರಡನ್ನೂ ಬೆರೆಸಿದಂತಿದೆ.

ಕಾಫಿ ಕೊಯ್ಲಿನ ನಡುವೆ ಮಡಿಕೇರಿಗೋ ಮೈಸೂರಿಗೋ ಹೋಗಿಬರುವುದು ಕಷ್ಟವೆಂಬುದು ನಿಜ. ಆದರೂ ತೋಟದ ಏರು ಹತ್ತುವಾಗ ಹೊಸದಾಗಿ ಏದುಸಿರು ಬರುತ್ತಿದ್ದರೆ, ಕಾಲು ಊದಿಕೊಳ್ಳುತ್ತಿದ್ದರೆ, ವೈದ್ಯರು ಬರೆದುಕೊಟ್ಟ ಎಕೋ ಪರೀಕ್ಷೆಯನ್ನು ಈ ಸಂದೇಶ ನಂಬಿ ದಯವಿಟ್ಟು ಮುಂದೂಡಬೇಡಿ.