ನಿಮ್ಮದು ಎಷ್ಟು?

ಬೆಳಿಗ್ಗೆ ಆರಕ್ಕೆ ಫೋನ್ ಟಿಂಗ್ ಅಂತು. ಚಾರಣದ ವಾಟ್ಸಾಪ್ ಗ್ರೂಪಿನಲ್ಲಿ ಜಯನಗರದ ಯಜಮಾನರು: "ಶುಭೋದಯ. ಇವತ್ತು 98." ಪಕ್ಕದಲ್ಲೊಂದು ಗುಲಾಬಿ ಹೂವು. ಕೇದಾರಕಂಠ ಹತ್ತಿ ಇಳಿದು ಎಲ್ಲರೂ ಅವರವರ ಆಫೀಸು ಸೇರಿಕೊಂಡಾಯ್ತು. ನನ್ನ ಮಂಡಿ ಮಾತ್ರ ಇನ್ನೂ ಮೆಟ್ಟಿಲು ಕಂಡರೆ ಅಮ್ಮಾ ಅನ್ನುತ್ತಿದೆ. ಈ ಮನುಷ್ಯ ನೋಡಿದರೆ ಸೋಫಾದ ಮೇಲೆ ಕೂತು, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರಿಗೆ ಇನ್ನೂ ಬೆರಳು ಕೊಡುತ್ತಿದ್ದಾರೆ. ಬೆಂಗಳೂರು ಇರೋದೇ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ 98 ಬರದೆ ಇನ್ನೇನು ಬರಬೇಕು?

ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್. "ಹೊಸಬರಿಗೆ ಹೇಳಿ ಮಾಡಿಸಿದ್ದು" ಅಂತ ಕಂಡಲ್ಲೆಲ್ಲ ಬರೆದಿರುತ್ತಾರೆ. ಬರೆದವರು ನನ್ನಂಥ ಹೊಸಬನನ್ನು ನೋಡಿಲ್ಲ. ಡೆಹ್ರಾಡೂನಿನಿಂದ ಇಡೀ ದಿನ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಸಾಂಕ್ರಿ ತಲುಪಿದರೆ, ಆ ಊರೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರ. ಕರ್ನಾಟಕದಲ್ಲಿ ಹತ್ತೋದು ಎಲ್ಲಿ ಮುಗಿಯುತ್ತೋ ಅಲ್ಲಿ ಇವರದು ಶುರು!

ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲೂ ಇಲ್ಲ. ಅದಕ್ಕೇ ಗೈಡ್ ಹುಡುಗ ಸಂಜೆಯ ಹೊತ್ತು ಎಲ್ಲರ ಬೆರಳಿಗೂ ಆಕ್ಸಿಮೀಟರ್ ಹಾಕಿ ಬರೆದುಕೊಳ್ಳುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಯಜಮಾನರು ಸ್ವಂತದ್ದೊಂದು ತಂದಿದ್ದರು. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಬಗ್ಗಿ ಕೇಳ್ತಿದ್ರಲ್ಲ, ಥೇಟ್ ಅದೇ ರಾಗ: "ನಂದು 93. ನಿಮ್ಮದು ಎಷ್ಟು?"

ದಾರಿಯಲ್ಲಿ ಸಿಗುವ ಕೆರೆ, ಜೂಡಾ ಕಾ ತಾಲಾಬ್, ಹೆಪ್ಪುಗಟ್ಟಿ ಬಿದ್ದಿತ್ತು. ದಡದಲ್ಲಿ ಬಿಸಿ ಮ್ಯಾಗಿ. ತಟ್ಟೆಯ ಬಿಸಿಗೆ ಕೈ ಕಾಯಿಸಿಕೊಳ್ಳುತ್ತಿದ್ದೆ. ಯಜಮಾನರು ಬಂದವರೇ ನನ್ನ ತೋರುಬೆರಳು ಎಳೆದು ಕ್ಲಿಪ್ ಹಾಕಿದರು. 88. "ಎಂಬತ್ತೆಂಟೇನಾ?" ಅಂತ ಲೊಚಗುಟ್ಟಿದರು. ನನ್ನ ಹೆಂಡತಿಗೆ 95 ಬಂತು. ಅವರ ಮುಖ ಸಪ್ಪಗಾಯಿತು. "ಉಗುರುಬಣ್ಣ ಇದ್ರೆ ತಪ್ಪು ತೋರಿಸುತ್ತೆ ಕಣಮ್ಮಾ, ಲೆಕ್ಕಕ್ಕಿಲ್ಲ" ಅಂದುಬಿಟ್ಟರು.

ಮಾರನೇ ದಿನ ಅವರದ್ದೇ 79ಕ್ಕೆ ಇಳಿಯಿತು. ಕೂತಲ್ಲೇ ಬೆವೆತರು, ಆ ಚಳಿಯಲ್ಲೂ! ಗೈಡ್ ಬಂದು "ಅಂಕಲ್‌ಜೀ, ಹಾಥ್ ಠಂಡಾ ಹೈ" ಅಂತ ಕೈ ಉಜ್ಜಿ ಮತ್ತೆ ಹಾಕಿದ. 92. ಆಮೇಲೆ ಒಂದೊಂದೇ ಟೆಂಟಿಗೆ ಹೋಗಿ ಬಗ್ಗಿ ತಿದ್ದುಪಡಿ ಹೇಳಿ ಬಂದರು: "ಮೊದಲು ಹೇಳಿದ್ದು ತಪ್ಪು, ಬೆರಳು ತಣ್ಣಗಿತ್ತು."

ರಾತ್ರಿಯ ಕಥೆ ಬೇರೆ. ನೀರು ಕುಡೀರಿ, ಕುಡೀರಿ ಅಂತ ಕುಡಿಸುತ್ತಾರೆ. ನಡುರಾತ್ರಿ ಅದು ಹೊರಗೆ ಹೋಗಬೇಕಲ್ಲ? ಸ್ಲೀಪಿಂಗ್ ಬ್ಯಾಗಿನ ಜಿಪ್, ಜಾಕೆಟ್ಟಿನ ಜಿಪ್, ಟೆಂಟಿನ ಒಳ ಜಿಪ್, ಹೊರ ಜಿಪ್. ಆಮೇಲೆ ಮರದ ತುಂಡಿನ ಹಾಗಾಗಿರುವ ಶೂ. ಅಷ್ಟರಲ್ಲಿ ಪಕ್ಕದ ಟೆಂಟಿನಿಂದ ದನಿ: "ಯಾರು, 88ಆ?"

ನನ್ನ ಹೆಸರೇ ಅದಾಗಿಬಿಟ್ಟಿತ್ತು.

ಶಿಖರಕ್ಕೆ ಹೊರಟಿದ್ದು ಮೂರು ಗಂಟೆಯ ಕತ್ತಲಲ್ಲಿ. ತಲೆಗೆ ಟಾರ್ಚು, ಶೂ ಕೆಳಗೆ ಮಂಜು ಕಚ್ಚುವ ಮುಳ್ಳಿನ ಸರಪಳಿ. ಹತ್ತು ಹೆಜ್ಜೆಗೊಮ್ಮೆ ನಿಲ್ಲೋದು. ಬೆಳಕಾದಾಗ ಎದುರಿಗೆ ಸ್ವರ್ಗಾರೋಹಿಣಿ ಪರ್ವತ. ಪಾಂಡವರು ಸ್ವರ್ಗಕ್ಕೆ ಹೊರಟ ದಾರಿ ಅಂತಾರೆ. ಭೀಮನಂಥ ಭೀಮನೇ ಕುಸಿದುಬಿದ್ದ ಕಥೆ ಅದು. ನಾನು ಕುಸಿದಿದ್ದಕ್ಕೆ ಹೆಂಡತಿ ಅಷ್ಟು ನಗಬೇಕಿತ್ತಾ?

ತುದಿಯಲ್ಲಿ ಯಜಮಾನರು ಯಾರ ಬೆರಳನ್ನೂ ಕೇಳಲಿಲ್ಲ. ಮಫ್ಲರ್ ಅಂಚಿನಿಂದ ಮೆಷಿನ್ ಒರೆಸುತ್ತಾ ನಿಂತಿದ್ದರು. "2021ರಲ್ಲಿ ತಗೊಂಡಿದ್ದು ಇದು, ನಮ್ಮ ಮನೆಯವಳಿಗೆ. ಗಂಟೆಗೊಂದು ಸಲ ನೋಡಿ ಬರೆದಿಡ್ತಿದ್ದೆ" ಅಂದರು. 2021 ಅಂದ ಮೇಲೆ ಇನ್ನೇನು ಕೇಳೋದು? "ಅವಳಿಗೆ ಹಿಮಾಲಯ ನೋಡಬೇಕು ಅಂತ ಬಹಳ ಇತ್ತು" ಅಂತ ಸೇರಿಸಿ ಆ ಕಡೆ ತಿರುಗಿಕೊಂಡರು. ನಾನು ಸುಮ್ನೆ ಪಕ್ಕದಲ್ಲಿ ನಿಂತೆ.

ಬಹಳ ಪಾಪ ಅನ್ನಿಸಿತು. ಆ ಪಾಪ ಬೇಸ್ ಕ್ಯಾಂಪಿನ ತನಕ ಬಾಳಿತು. ಅಲ್ಲಿ ಚಹಾ ಕೈಗೆ ಬರೋ ಮೊದಲೇ ಮೆಷಿನ್ ಹೊರಗೆ ಬಂತು. ಅವರದು 90. ನನ್ನದು 91. ಅಡುಗೆಯವನನ್ನೂ ಸೇರಿಸಿ ಕ್ಯಾಂಪಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ.

"ಬೆರಳು ತಣ್ಣಗಿದೆ, ಇನ್ನೊಂದು ಸಲ ನೋಡ್ತೀನಿ, ಕೊಡಿ ಇಲ್ಲಿ" ಅಂದರು.

ಚಹಾ ಮುಗಿಯುವ ತನಕ ನಾನು ಮೆಷಿನ್ ಕೊಡಲಿಲ್ಲ.