ಗರ್ಲ್ ಸ್ಕೌಟ್ಸ್ ವರ್ಷ ಸೆಪ್ಟೆಂಬರ್ ಒಂದಕ್ಕೇ ಶುರುವಾಗಲಿ

ಅಮೆರಿಕದ ಗರ್ಲ್ ಸ್ಕೌಟ್ಸ್ ಸದಸ್ಯತ್ವ ಈಗ ಅಕ್ಟೋಬರ್ 1ರಿಂದ ಮುಂದಿನ ಸೆಪ್ಟೆಂಬರ್ 30ರವರೆಗೆ ನಡೆಯುತ್ತದೆ. ಅದು ಸೆಪ್ಟೆಂಬರ್ 1ಕ್ಕೆ ಶುರುವಾಗಿ ಆಗಸ್ಟ್ 31ಕ್ಕೆ ಮುಗಿಯಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಂದೇ ತಿಂಗಳ ವ್ಯತ್ಯಾಸ ತಾನೇ ಅಂತ ಅನ್ನಿಸಬಹುದು. ಆದರೆ ಆ ಒಂದು ತಿಂಗಳಲ್ಲೇ ಮಕ್ಕಳು ಸೇರುವುದು, ಬಿಡುವುದು ಎಲ್ಲ ತೀರ್ಮಾನವಾಗುತ್ತದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಟ್ರೂಪ್, ಅಂದರೆ ಹುಡುಗಿಯರ ಒಂದು ತಂಡದ ಲೀಡರ್ ಆಗಿ ಇದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ನಮ್ಮ ಕನ್ನಡದ ಮನೆಗಳ ಹೆಣ್ಣುಮಕ್ಕಳೂ ಇದರಲ್ಲಿ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರಲ್ಲಿರುವವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಜೂಲಿಯೆಟ್ ಗಾರ್ಡನ್ ಲೋ ಎಂಬ ಮಹಿಳೆ 1912ರ ಮಾರ್ಚ್ 12ರಂದು ಜಾರ್ಜಿಯಾದ ಸವಾನಾದಲ್ಲಿ 18 ಹುಡುಗಿಯರನ್ನು ಸೇರಿಸಿಕೊಂಡು ಶುರು ಮಾಡಿದ ಸಂಸ್ಥೆ ಇದು. ನಮ್ಮಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದೆಯಲ್ಲ, ಅದರದ್ದೇ ಬಳಗ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಗೈಡ್ಸ್ ಸಾಮಾನ್ಯವಾಗಿ ಶಾಲೆಯ ಒಳಗೇ ಇರುತ್ತದೆ. ಶಾಲೆಯ ಟೀಚರೇ ಗೈಡ್ ಕ್ಯಾಪ್ಟನ್. ಮೇ ಕೊನೆಗೆ ಶಾಲೆ ತೆರೆದರೆ ಹೊಸ ಹುಡುಗಿಯರು ಸೇರುತ್ತಾರೆ, ಏಪ್ರಿಲ್‌ನಲ್ಲಿ ಶಾಲೆ ಮುಗಿದರೆ ಆ ವರ್ಷದ ಚಟುವಟಿಕೆಯೂ ಮುಗಿಯಿತು. ಇಲ್ಲಿ ಟ್ರೂಪ್ ನಡೆಸುವುದು ಅಪ್ಪ ಅಮ್ಮಂದಿರು. ಶಾಲೆಯವರು ಸಂಜೆ ಒಂದು ಕೋಣೆ ಕೊಟ್ಟರೆ ಅದೇ ದೊಡ್ಡದು. ಶಾಲೆಯ ಕ್ಯಾಲೆಂಡರ್ ಜೊತೆ ಹೊಂದಿಸಿಕೊಳ್ಳುವ ಕೆಲಸ ಪೂರ್ತಿ ನಮ್ಮ ತಲೆಯ ಮೇಲೆ.

ಸಂಸ್ಥೆಯ ಒಳಗಿನ ಏರ್ಪಾಡು ನೋಡಿ. ಹುಡುಗಿಯರ ಹಂತಗಳೆಲ್ಲ ಶಾಲೆಯ ತರಗತಿಯ ಲೆಕ್ಕದಲ್ಲೇ ಇವೆ. ಕಿಂಡರ್‌ಗಾರ್ಟನ್ ಮತ್ತು ಒಂದನೇ ತರಗತಿಯವರು ಡೇಸಿ. ಎರಡು, ಮೂರು ಬ್ರೌನಿ. ನಾಲ್ಕು, ಐದು ಜೂನಿಯರ್. ಆಮೇಲೆ ಕೆಡೆಟ್, ಸೀನಿಯರ್, ಅಂಬಾಸಡರ್ ಅಂತ ಹನ್ನೆರಡನೇ ತರಗತಿಯವರೆಗೆ ಹೋಗುತ್ತದೆ. ವಯಸ್ಸು ನೋಡುವುದಿಲ್ಲ, ಯಾವ ಕ್ಲಾಸು ಅಂತ ಕೇಳುತ್ತಾರೆ. ಇಷ್ಟೆಲ್ಲ ಶಾಲೆಯ ಮೇಲೆ ನಿಂತಿದೆ. ಸದಸ್ಯತ್ವ ಮಾತ್ರ ಅಕ್ಟೋಬರ್‌ಗೆ! ನಮ್ಮ ಕಡೆ ಆಗಸ್ಟ್ ಮಧ್ಯದಲ್ಲೇ ಶಾಲೆ ಶುರು. ಎರಡನೇ ಕ್ಲಾಸಿಗೆ ಹೋದ ಮಗು ಡೇಸಿಯ ನೀಲಿ ವೆಸ್ಟ್ ಮಡಿಸಿಟ್ಟು ಬ್ರೌನಿಯ ಕಂದು ವೆಸ್ಟ್ ಯಾವಾಗ ಅಂತ ಕೇಳುತ್ತಿರುತ್ತದೆ. ಅವಳ ಸದಸ್ಯತ್ವ ಇನ್ನೂ ಹಳೆಯ ವರ್ಷದ್ದೇ.

ನಮ್ಮ ಮೊದಲ ಮೀಟಿಂಗ್ ಎಂದರೆ ಸೆಪ್ಟೆಂಬರ್‌ನ ಒಂದು ಸಂಜೆ, ಶಾಲೆಯ ಹಾಲ್‌ನಲ್ಲಿ. ಮಕ್ಕಳು ನೆಲದ ಮೇಲೆ ಕೂತು ಹೆಸರಿನ ಚೀಟಿಗೆ ಬಣ್ಣ ಹಚ್ಚುತ್ತಿರುತ್ತಾರೆ. ಅಮ್ಮಂದಿರು ಗೋಡೆ ಪಕ್ಕ ಫೋನ್ ಹಿಡಿದು ನಿಂತಿರುತ್ತಾರೆ. ಆಗ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, "ಅಕ್ಕಾ, ಈಗ ದುಡ್ಡು ಕಟ್ಟಿದರೆ ಈ ತಿಂಗಳ ಕೊನೆಗೇ ಮುಗಿದುಹೋಗುತ್ತಾ?" ಇಲ್ಲಮ್ಮ, ಹೊಸದಾಗಿ ಸೇರುವವರಿಗೆ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೂ ನಡೆಯುವ ವಿಸ್ತರಿತ ಸದಸ್ಯತ್ವ ಇದೆ, ಅದನ್ನು ತಗೊಳ್ಳಿ ಅನ್ನುತ್ತೇನೆ. "ಹಾಗಾದ್ರೆ ದೊಡ್ಡವಳದ್ದು?" ಅವಳು ಹಳಬಳು, ಅವಳದ್ದು ಬೇರೆ, ರಿನ್ಯೂ ಮಾಡಬೇಕು. ಒಂದೇ ಮನೆಯ ಅಕ್ಕ ತಂಗಿಗೆ ಎರಡು ಲೆಕ್ಕ. ಪಕ್ಕದಲ್ಲಿ ನಿಂತ ಮೂರನೆಯವರು ಇದನ್ನೆಲ್ಲ ಕೇಳಿಸಿಕೊಂಡು, "ಸರಿ, ಅಕ್ಟೋಬರ್ ಬರಲಿ, ಆಮೇಲೆ ನೋಡೋಣ" ಅಂತ ಫೋನ್ ಒಳಗಿಡುತ್ತಾರೆ.

ನನಗೆ ಸಂಕಟವಾಗುವುದು ಆ ಮೂರನೆಯವರ ಮಾತು ಕೇಳಿದಾಗ. ಅಕ್ಟೋಬರ್ ಬರುವಷ್ಟರಲ್ಲಿ ಆ ಮಗುವಿನ ವಾರ ಪೂರ್ತಿ ತುಂಬಿಹೋಗಿರುತ್ತದೆ. ಸೋಮವಾರ ಸಾಕರ್, ಬುಧವಾರ ಈಜು, ಶನಿವಾರ ಭರತನಾಟ್ಯ, ಭಾನುವಾರ ಕನ್ನಡ ಕ್ಲಾಸು. ಮನೆಯ ಟೈಮ್‌ಟೇಬಲ್ ಗಟ್ಟಿಯಾಗುವುದು ಶಾಲೆ ಶುರುವಾದ ಮೊದಲ ಮೂರು ನಾಲ್ಕು ವಾರಗಳಲ್ಲಿ. ಆ ಹೊತ್ತಿಗೆ ಬಾಗಿಲು ಪೂರ್ತಿ ತೆರೆದಿರಬೇಕು. ಆಮೇಲೆ ತೆರೆದರೆ ಒಳಗೆ ಬರುವವರು ಯಾರು? ಬೇರೆ ಬೇರೆ ಊರುಗಳಲ್ಲಿ ಕನ್ನಡ ಶಾಲೆ ನಡೆಸುವ ನಮ್ಮವರನ್ನೇ ಕೇಳಿ. ಅವರೂ ಇಲ್ಲಿನ ಶಾಲೆಯ ವರ್ಷವನ್ನು ಹಿಡಿದೇ ತರಗತಿ ಶುರು ಮಾಡುತ್ತಾರೆ. ತಂದೆ ತಾಯಿ ಒಪ್ಪಿಕೊಳ್ಳುವ ಸಮಯ ಅದೊಂದೇ ಅಂತ ಅವರಿಗೆ ಗೊತ್ತು.

ವಿಸ್ತರಿತ ಸದಸ್ಯತ್ವ ಇರುವಾಗ ಇನ್ನೇನು ತೊಂದರೆ ಅಂತ ಕೇಳುವವರಿದ್ದಾರೆ. ಆ ಏರ್ಪಾಡನ್ನು ಮಾಡಿದ್ದೇ ವರ್ಷ ಸರಿಯಾದ ಜಾಗದಲ್ಲಿ ಶುರುವಾಗದ ಕಾರಣಕ್ಕೆ, ಅಲ್ವಾ? ಅಂಗಿಯ ಅಳತೆ ತಪ್ಪಿದರೆ ಅಳತೆ ಸರಿ ಮಾಡಬೇಕು, ತೇಪೆ ಹಾಕಿದರೆ ಸಾಲದು. ಹಳಬರಿಗಂತೂ ತೇಪೆಯೂ ಇಲ್ಲ. ವಸಂತದಲ್ಲೇ ರಿನ್ಯೂ ಮಾಡಿ ಅಂತ ನಾವು ಹಿಂದೆ ಬೀಳುತ್ತೇವೆ. ಏಪ್ರಿಲ್, ಮೇನಲ್ಲಿ ಯಾವ ಅಮ್ಮ ಅಕ್ಟೋಬರ್ ಬಗ್ಗೆ ಯೋಚನೆ ಮಾಡುತ್ತಾಳೆ? ಶಾಲೆ ಮುಗಿಯುವ ಗಡಿಬಿಡಿ, ಊರಿಗೆ ಹೋಗುವ ಟಿಕೆಟ್ಟು, ಸೂಟ್‌ಕೇಸು.

ಸದಸ್ಯತ್ವ ಬರೀ ರಸೀದಿ ಅಲ್ಲ. ಟ್ರೂಪ್ ಚಟುವಟಿಕೆಯಲ್ಲಿ ಪೆಟ್ಟು ಬಿದ್ದರೆ ಆಗುವ ಅಪಘಾತ ವಿಮೆ ಆ ಶುಲ್ಕದಲ್ಲೇ ಸೇರಿದೆ. ನೋಂದಣಿ ಇಲ್ಲದ ಮಗುವಿಗೆ ಸದಸ್ಯರ ಆ ರಕ್ಷಣೆ ಇಲ್ಲ. ಆದ್ದರಿಂದ ಸೆಪ್ಟೆಂಬರ್ ಕೊನೆಯ ವಾರ ಲೀಡರ್‌ಗಳು ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಪರಿಶೀಲಿಸುತ್ತೇವೆ. ಆ ವಾರ ನಾವು ಮಕ್ಕಳ ಜೊತೆ ಮೊದಲ ಹೈಕ್‌ಗೆ ತಯಾರಾಗುತ್ತಿರಬೇಕಿತ್ತು. ಶುಲ್ಕವೂ ಈಗ ಸಣ್ಣದಲ್ಲ. ವರ್ಷಕ್ಕೆ 25 ಡಾಲರ್ ಇದ್ದದ್ದನ್ನು ಹಂತ ಹಂತವಾಗಿ 65ಕ್ಕೆ ಏರಿಸಲು 2024ರಲ್ಲಿ ತೀರ್ಮಾನವಾಯಿತು. ಎರಡು ಮೂರು ಮಕ್ಕಳಿರುವ ಮನೆಯವರು ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ.

ಹಾಗಾದರೆ ಅಕ್ಟೋಬರ್ ಯಾಕೆ? ಸಂಸ್ಥೆಯ ಹಣಕಾಸಿನ ವರ್ಷವೂ ಅದೇ, ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಎರಡೂ ಒಟ್ಟಿಗೆ ಇದ್ದರೆ ಲೆಕ್ಕ ಸುಲಭ, ಒಪ್ಪುತ್ತೇನೆ. ಆದರೆ ಎರಡನ್ನೂ ಒಂದು ತಿಂಗಳು ಹಿಂದಕ್ಕೆ ತಂದರೂ ದೊಡ್ಡ ಏರುಪೇರೇನೂ ಆಗುವುದಿಲ್ಲ. ಹಣ ಕೂಡಿಸಲು ಹುಡುಗಿಯರು ಮಾಡುವ ಕುಕೀ (ಬಿಸ್ಕತ್ತು) ಮಾರಾಟ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್. ಅದು ಎರಡೂ ಲೆಕ್ಕದಲ್ಲಿ ವರ್ಷದ ನಟ್ಟನಡುವೆಯೇ ಬೀಳುತ್ತದೆ. ಕೆನಡಾದ ಗರ್ಲ್ ಗೈಡ್ಸ್, ಸ್ಕೌಟ್ಸ್ ಎರಡೂ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗಿನ ವರ್ಷವನ್ನೇ ಇಟ್ಟುಕೊಂಡಿವೆ. ಗಡಿ ದಾಟಿದರೆ ಸಾಧ್ಯವಾಗಿರುವುದು ಇಲ್ಲಿ ಯಾಕೆ ಆಗಬಾರದು?

ಜಾರ್ಜಿಯಾ, ಟೆಕ್ಸಾಸ್ ಕಡೆ ಆಗಸ್ಟ್‌ನಲ್ಲೇ ಶಾಲೆ ಶುರು, ನ್ಯೂಯಾರ್ಕ್ ಕಡೆ ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ಕಳೆದ ಮೇಲೆ. ಎಲ್ಲರಿಗೂ ಸರಿಹೋಗುವ ತಾರೀಖು ಇಲ್ಲ, ನಿಜ. ಸೆಪ್ಟೆಂಬರ್ 1 ಎಲ್ಲರಿಗೂ ಹತ್ತಿರ. ಇನ್ನೂ ಹಿಂದೆ, ಜುಲೈಗೆ ಹೋಗಬಾರದು. ಬೇಸಿಗೆ ಕ್ಯಾಂಪ್ ಜೂನ್‌ನಿಂದ ಆಗಸ್ಟ್‌ವರೆಗೆ ಇರುತ್ತದೆ, ಅದರ ನಡುವೆ ಸದಸ್ಯತ್ವ ಮುಗಿದರೆ ಮಕ್ಕಳಿಗೆ ಅನ್ಯಾಯ.

ಬಾಯ್ ಸ್ಕೌಟ್ಸ್ ಎಂದಿದ್ದು ಈಗ ಸ್ಕೌಟಿಂಗ್ ಅಮೆರಿಕ ಆಗಿರುವ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರತಿ ಮಗು ಸೇರಿದ ದಿನದಿಂದ 12 ತಿಂಗಳು. ಸೇರುವ ಮನೆಯವರಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಲೀಡರ್‌ಗೆ ಮಾತ್ರ ವರ್ಷವಿಡೀ ಒಬ್ಬೊಬ್ಬರ ಕೊನೆಯ ದಿನಾಂಕ ಕಾಯುವ ಕೆಲಸ. ನನಗೆ ಅದು ಬೇಡ. ಎಲ್ಲ ಹುಡುಗಿಯರೂ ಒಂದೇ ದಿನ, ಒಟ್ಟಿಗೆ ಹೊಸ ವರ್ಷಕ್ಕೆ ಕಾಲಿಡುವುದರಲ್ಲಿ ಒಂದು ಖುಷಿ ಇದೆ.

ಒಂದು ಆಕ್ಷೇಪಣೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಗೋಲ್ಡ್ ಅವಾರ್ಡ್ ಈ ಸಂಸ್ಥೆಯ ಅತಿ ದೊಡ್ಡ ಗೌರವ. ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಗೆ ಅದನ್ನು ಪೂರೈಸಲು ಆ ವರ್ಷದ ಸೆಪ್ಟೆಂಬರ್ 30ರವರೆಗೆ ಅವಕಾಶ ಇದೆ. ಅವಳ ಬೇಸಿಗೆಯ ಕೊನೆಯ ಆ ತಿಂಗಳನ್ನು ಯಾರೂ ಕಿತ್ತುಕೊಳ್ಳಬಾರದು. ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರಿಗೆ ಮಾತ್ರ ಸೆಪ್ಟೆಂಬರ್ ಕೊನೆಯವರೆಗೆ ಸದಸ್ಯತ್ವ ಮುಂದುವರಿಯಲಿ ಅಂತ ಒಂದು ಸಾಲು ನಿಯಮದಲ್ಲಿ ಸೇರಿಸಿದರೆ ಆಯಿತು. ಅಷ್ಟಕ್ಕಾಗಿ ಐದು ವರ್ಷದ ಡೇಸಿಯನ್ನು ಅಕ್ಟೋಬರ್‌ವರೆಗೆ ಕಾಯಿಸಬೇಕಿಲ್ಲ.

ಇಂಥ ವಿಷಯ ದೇಶಮಟ್ಟದಲ್ಲಿ ಚರ್ಚೆಗೆ ಬರಲು ಜಾಗ ಇದೆ. ಮೂರು ವರ್ಷಕ್ಕೊಮ್ಮೆ ನ್ಯಾಷನಲ್ ಕೌನ್ಸಿಲ್ ಸೆಷನ್ ನಡೆಯುತ್ತದೆ. ಪ್ರತಿ ಕೌನ್ಸಿಲ್, ಅಂದರೆ ಸಂಸ್ಥೆಯ ಪ್ರಾದೇಶಿಕ ಘಟಕ, ಆರಿಸಿ ಕಳಿಸಿದ ಪ್ರತಿನಿಧಿಗಳು ಅಲ್ಲಿ ಮತ ಹಾಕುತ್ತಾರೆ. 14 ವರ್ಷ ತುಂಬಿದ ಹುಡುಗಿಯರೂ ಪ್ರತಿನಿಧಿಗಳಾಗಬಹುದು. ನಮ್ಮ ಅಮ್ಮಂದಿರು ಕುಕೀ ಬೂತ್‌ಗೆ ನಿಲ್ಲುತ್ತೀರಿ, ಕಾರಿನ ತುಂಬಾ ಡಬ್ಬ ಹೊರುತ್ತೀರಿ. ಪ್ರತಿನಿಧಿ ಸ್ಥಾನಕ್ಕೂ ಹೆಸರು ಕೊಡಿ. ಮನೆಯಲ್ಲಿ ಹೈಸ್ಕೂಲ್ ಮಗಳಿದ್ದರೆ ಅವಳ ಹತ್ತಿರವೂ ಕೊಡಿಸಿ. ನಿಮ್ಮ ಕೌನ್ಸಿಲ್‌ನಲ್ಲಿ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಈ ವಾರವೇ ಕೇಳಿ ನೋಡಿ.